ಒಂಟಿ ಚಕ್ರ ಜೋಕರನ ಸ್ವತ್ತಲ್ಲ

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಕ್ರೀಡಾಕೂಟದ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಿದೆ, ಎಲ್ಲರೂ ನೋಡಿರುತ್ತೀರಿ. ಹುಡುಗರಿಗೆ ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಓಟ, ಗುಂಡು ಎಸೆತ. ಹುಡುಗಿಯರಿಗೆ ಥ್ರೋಬಾಲ್, ನೂರು ಮೀಟರ್ ಓಟ, ಆಮೇಲೆ ನಿಂಬೆಹಣ್ಣು-ಚಮಚ ಮತ್ತು ಮ್ಯೂಸಿಕಲ್ ಚೇರ್. ಕುರ್ಚಿಯ ಸುತ್ತ ಓಡುವುದರಲ್ಲಿ ತಪ್ಪೇನಿಲ್ಲ. ಆದರೆ ಮ್ಯೂಸಿಕಲ್ ಚೇರ್‌ಗಾಗಿ ಯಾರಾದರೂ ಒಂದು ತಿಂಗಳು ಅಭ್ಯಾಸ ಮಾಡಿದ್ದನ್ನು ನೀವು ಕಂಡಿದ್ದೀರಾ? ಅಭ್ಯಾಸವೇ ಬೇಡದ ಆಟದಲ್ಲಿ ಗೆದ್ದರೂ ಸೋತರೂ ಏನೂ ಆಗುವುದಿಲ್ಲ. ಇನ್ನು ಅಭ್ಯಾಸ ಬೇಕಾದ ಆಟಗಳಿಗೆ ಹನ್ನೊಂದು ಜನ, ಆರು ಜನ, ಏಳು ಜನ ಎಂದು ಆರಿಸಿಕೊಳ್ಳುತ್ತಾರೆ. ಉಳಿದ ನಾವೆಲ್ಲ ಶಾಮಿಯಾನದ ಕೆಳಗೆ ಕೂತು ಚಪ್ಪಾಳೆ ತಟ್ಟುತ್ತೇವೆ.

ಈ ಪಟ್ಟಿಗೆ ಹೊಸದೊಂದು ಆಟ ಸೇರಲಿ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ. ಅದರ ಹೆಸರು ಯೂನಿಸೈಕ್ಲಿಂಗ್, ಅಂದರೆ ಒಂದೇ ಚಕ್ರದ ಸೈಕಲ್ ಓಡಿಸುವುದು. ನಗುವವರು ಈಗಲೇ ನಕ್ಕುಬಿಡಿ, ಮುಂದೆ ಲೆಕ್ಕಾಚಾರ ಇದೆ.

ನಮ್ಮ ಮನೆಯಲ್ಲಿ ಮೊದಲು ನಕ್ಕಿದ್ದು ದಾದಿ. ದುಬೈಯಲ್ಲಿರುವ ಮಾಮು ಎರಡು ವರ್ಷದ ಹಿಂದೆ ರಜೆಗೆ ಬರುವಾಗ ತಮ್ಮ ಮಗನಿಗೆಂದು 20 ಇಂಚಿನ ಒಂದು ಯೂನಿಸೈಕಲ್ ತಂದಿದ್ದರು. ಅವನು ನಾಲ್ಕು ದಿನ ಹತ್ತಿ ಬಿದ್ದು, ಐದನೇ ದಿನ ಅದನ್ನು ಗೋಡೆಗೆ ಒರಗಿಸಿ ಕ್ರಿಕೆಟ್‌ಗೆ ಹೋದ. ಅದು ನನ್ನ ಪಾಲಿಗೆ ಬಂತು. "ಏ ಕ್ಯಾ, ಜೋಕರ್ ಬನ್ನಾ ಹೈ ಕ್ಯಾ?" ಎಂದರು ದಾದಿ. ಅವರ ಮಾತಿನಲ್ಲಿ ಕೋಪವಿರಲಿಲ್ಲ, ನೆನಪಿತ್ತು. ಅವರ ಕಾಲದಲ್ಲಿ ಒಂಟಿ ಚಕ್ರ ಕಂಡದ್ದು ಸರ್ಕಸ್ ಡೇರೆಯೊಳಗೆ ಮಾತ್ರ. ಕೆಂಪು ಮೂಗಿನವನು, ಇಲ್ಲವೇ ಮಿನುಗುವ ಬಟ್ಟೆ ತೊಟ್ಟ ಸಣ್ಣ ಹುಡುಗಿ, ತಲೆಯ ಮೇಲೆ ಕಪ್ಪು-ಬಸಿ ಪೇರಿಸಿಕೊಂಡು ಓಡಿಸುತ್ತಿದ್ದದ್ದು. ಇಡೀ ದೇಶಕ್ಕೇ ಇರುವ ನೆನಪು ಅದು, ದಾದಿಯೊಬ್ಬರದಲ್ಲ.

ಆ ನೆನಪಿನ ಬೇರು ನಮ್ಮ ಕರಾವಳಿಯಲ್ಲೇ ಇದೆ. ಇಲ್ಲಿಂದ ರೈಲು ಹತ್ತಿ ದಕ್ಷಿಣಕ್ಕೆ ಹೋದರೆ ಮಂಗಳೂರು, ಕಾಸರಗೋಡು, ಕಣ್ಣೂರು ದಾಟಿದ ಮೇಲೆ ತಲಶ್ಶೇರಿ ಸಿಗುತ್ತದೆ. ಅಲ್ಲಿನ ಚಿರಕ್ಕರದಲ್ಲಿ ಕೀಲೇರಿ ಕುಂಞಿಕಣ್ಣನ್ ಎಂಬ ಗುರುಗಳು 1901ರಲ್ಲಿ ಸರ್ಕಸ್ ಕಲಿಸುವ ಶಾಲೆ ತೆರೆದರು. ಭಾರತದ ಎಷ್ಟೋ ಸರ್ಕಸ್ ಕಂಪನಿಗಳ ಕಲಾವಿದರು, ಮಾಲೀಕರು ಆ ಊರಿನ ಸುತ್ತಮುತ್ತಲಿನವರು. ತಲಶ್ಶೇರಿಯವರು ತಮ್ಮ ಊರಿನ ಹೆಮ್ಮೆ ಎಂದು ಮೂರನ್ನು ಹೇಳಿಕೊಳ್ಳುತ್ತಾರೆ: ಕೇಕ್, ಕ್ರಿಕೆಟ್, ಸರ್ಕಸ್. ಕೇಕ್ ಎಲ್ಲ ಬೇಕರಿಗೂ ಬಂತು. ಕ್ರಿಕೆಟ್ ಎಲ್ಲ ಗದ್ದೆಗೂ ಬಂತು, ನಮ್ಮ ಕಡೆ ಭತ್ತ ಕೊಯ್ದ ಮರುದಿನವೇ ಸ್ಟಂಪ್ ನೆಡುತ್ತಾರೆ. ಸರ್ಕಸ್ಸಿನ ಸೈಕಲ್ ಮಾತ್ರ ಡೇರೆಯಿಂದ ಹೊರಗೆ ಬರಲೇ ಇಲ್ಲ. ಯಾಕೆ?

ನನಗೆ ಅನ್ನಿಸುವುದು ಹೀಗೆ. ಕ್ರಿಕೆಟ್ಟನ್ನು ನಾವು ಮೊದಲು ಕಂಡದ್ದು ಸಾಹೇಬರು ಆಡುವಾಗ. ಒಂಟಿ ಚಕ್ರವನ್ನು ಕಂಡದ್ದು ಬಡವರ ಮಕ್ಕಳು ಹೊಟ್ಟೆಪಾಡಿಗೆ ಓಡಿಸುವಾಗ, ಅದೂ ನಾವು ಟಿಕೆಟ್ ಕೊಟ್ಟು ಕೂತಿದ್ದಾಗ. ಸಾಹೇಬರು ಆಡಿದ್ದನ್ನು ನಾವೂ ಆಡಿದೆವು. ದುಡ್ಡು ಕೊಟ್ಟು ನೋಡಿದ್ದನ್ನು ಆಡಲು ನಾಚಿಕೆಪಟ್ಟೆವು. ಆ ಮಕ್ಕಳಲ್ಲಿ ಎಷ್ಟೋ ಮಂದಿ ತಮ್ಮ ಇಷ್ಟದಿಂದ ಅಲ್ಲಿ ಇದ್ದವರಲ್ಲ. 2011ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಬೇಕೆಂದು ಸರ್ಕಾರಕ್ಕೆ ಆದೇಶ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಬಲವಂತ ಹೋದ ಮೇಲೆ ಆ ವಿದ್ಯೆಯನ್ನು ಸಂತೋಷಕ್ಕಾಗಿ ಕಲಿಯುವ ಜಾಗವೂ ಎಲ್ಲೂ ಹುಟ್ಟಲಿಲ್ಲ.

ಭಾಷೆಯಲ್ಲೂ ಈ ನಾಚಿಕೆ ಕೂತಿದೆ. ನಮ್ಮ ಮನೆಯ ಉರ್ದುವಿನಲ್ಲಿ ಕಸ್ರತ್ ಅಂದರೆ ವ್ಯಾಯಾಮ, ಗೌರವದ ಮಾತು. ಅದೇ ಶಬ್ದ ಕನ್ನಡಕ್ಕೆ ಬಂದು ಕಸರತ್ತು ಆಗಿದೆ. ಪತ್ರಿಕೆ ಬಿಡಿಸಿದರೆ ಶಾಸಕರು ಮಂತ್ರಿ ಸ್ಥಾನಕ್ಕೆ ಕಸರತ್ತು ನಡೆಸುತ್ತಿರುತ್ತಾರೆ. ತಹಶೀಲ್ದಾರ್ ಕಚೇರಿಯಲ್ಲಿ ಒಂದು ಸರ್ಟಿಫಿಕೇಟ್ ಪಡೆಯಲು ನಾವು 'ಸರ್ಕಸ್ ಮಾಡುತ್ತೇವೆ'. ಹೀಗೆ ಬೈಗುಳಕ್ಕೆ ಬಳಸುವ ಶಬ್ದಗಳ ಜೊತೆಗೆ ಸೇರಿಕೊಂಡ ಆಟವನ್ನು ಯಾವ ತಂದೆ-ತಾಯಿ ಮಗಳಿಗೆ ಕಲಿಸುತ್ತಾರೆ?

ಹೊರಗಿನ ಪ್ರಪಂಚದಲ್ಲಿ ಕಥೆ ಬೇರೆಯೇ ಆಗಿದೆ. 1982ರಲ್ಲಿ ಅಂತರರಾಷ್ಟ್ರೀಯ ಯೂನಿಸೈಕ್ಲಿಂಗ್ ಫೆಡರೇಷನ್ ಹುಟ್ಟಿತು. 1984ರಲ್ಲಿ ಅಮೆರಿಕದ ಸಿರಾಕ್ಯೂಸ್‌ನಲ್ಲಿ ಮೊದಲ ವಿಶ್ವ ಕೂಟ ನಡೆಯಿತು. ಅದನ್ನು ಯೂನಿಕಾನ್ ಎನ್ನುತ್ತಾರೆ, ಸುಮಾರಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಏಷ್ಯಾದಲ್ಲೇ ಟೋಕಿಯೊ, ಬೀಜಿಂಗ್, ದಕ್ಷಿಣ ಕೊರಿಯಾದ ಆನ್ಸಾನ್ ಅದನ್ನು ನಡೆಸಿವೆ. 2022ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ, 2024ರಲ್ಲಿ ಅಮೆರಿಕದ ಬೆಮಿಜಿಯಲ್ಲಿ ನಡೆಯಿತು. ಓಟದ ಟ್ರ್ಯಾಕಿನಲ್ಲಿ 100, 400, 800 ಮೀಟರ್ ಸ್ಪರ್ಧೆಗಳು, ಒಂದೇ ಕಾಲಿನಲ್ಲಿ ತುಳಿಯುವ 50 ಮೀಟರ್, ಪೆಡಲ್ ಮುಟ್ಟದೆ ಪಾದದಿಂದ ಟಯರನ್ನೇ ತಳ್ಳುತ್ತ ಸಾಗುವ 30 ಮೀಟರ್, ಸಂಗೀತಕ್ಕೆ ತಕ್ಕ ಫ್ರೀಸ್ಟೈಲ್, ಕಲ್ಲು-ಹಲಗೆಗಳ ಮೇಲೆ ಜಿಗಿಯುವ ಟ್ರಯಲ್ಸ್, ಬೆಟ್ಟದ ದಾರಿಯ ಸ್ಪರ್ಧೆ, ಬಾಸ್ಕೆಟ್‌ಬಾಲ್, ಹಾಕಿ ಎಲ್ಲ ಇವೆ. ಹಾಕಿಯಲ್ಲಿ ಒಂದು ತಂಡಕ್ಕೆ ಐವರು, ಚೆಂಡು ಟೆನಿಸ್ ಚೆಂಡು, ಗಂಡು-ಹೆಣ್ಣು ಒಟ್ಟಿಗೇ ಆಡಬಹುದು. ಒಲಿಂಪಿಕ್ಸ್‌ನಲ್ಲಿ ಇದು ಇಲ್ಲ. ಇಲ್ಲದಿದ್ದರೇನಾಯಿತು, ಕಬಡ್ಡಿಯೂ ಇಲ್ಲ.

ನಿಯಮ ಎಷ್ಟು ಗಟ್ಟಿ ಎಂದು ತಿಳಿಯಲು ಒಂದು ಉದಾಹರಣೆ ಸಾಕು. 24 ಇಂಚಿನ ವಿಭಾಗದ ಓಟದಲ್ಲಿ ಟಯರಿನ ಹೊರ ವ್ಯಾಸ 618 ಮಿಲಿಮೀಟರ್ ಮೀರುವಂತಿಲ್ಲ, ಪೆಡಲ್ ಕೂಡಿಸುವ ಕ್ರ್ಯಾಂಕ್ 125 ಮಿಲಿಮೀಟರಿಗಿಂತ ಗಿಡ್ಡ ಇರುವಂತಿಲ್ಲ. ಯಾಕೆಂದರೆ ಯೂನಿಸೈಕಲ್ಲಿಗೆ ಚೈನ್ ಇಲ್ಲ, ಗೇರ್ ಇಲ್ಲ. ಕ್ರ್ಯಾಂಕ್ ನೇರವಾಗಿ ಚಕ್ರದ ಗುಂಬಕ್ಕೇ ಕೂತಿರುತ್ತದೆ. ಕಾಲು ಒಂದು ಸುತ್ತು ತುಳಿದರೆ ಚಕ್ರ ಒಂದೇ ಸುತ್ತು ತಿರುಗುತ್ತದೆ. ನಮ್ಮ ಸಾದಾ ಸೈಕಲ್ಲಿನಲ್ಲಿ ಒಂದು ತುಳಿತಕ್ಕೆ ಹಿಂದಿನ ಚಕ್ರ ಎರಡು ಸುತ್ತಿಗೂ ಹೆಚ್ಚು ತಿರುಗುತ್ತದೆ, ಆ ಉಪಕಾರ ಇಲ್ಲಿಲ್ಲ. ಹಾಗಾಗಿ ಚಕ್ರ ದೊಡ್ಡದಾದವನಿಗೆ ಸುಲಭ ಗೆಲುವು ಸಿಗದಂತೆ ಅಳತೆ ಕಟ್ಟಿದ್ದಾರೆ.

ಈಗ ಲೆಕ್ಕ. 618 ಮಿಲಿಮೀಟರ್ ವ್ಯಾಸದ ಚಕ್ರದ ಸುತ್ತಳತೆ ಸುಮಾರು 1.94 ಮೀಟರ್. ನೂರು ಮೀಟರಿಗೆ 51 ಸುತ್ತಿಗೂ ಸ್ವಲ್ಪ ಹೆಚ್ಚು. ಸ್ವೀಡನ್ನಿನ ಪೀಟರ್ ರೋಸೆಂಡಾಲ್ 1994ರಲ್ಲಿ ಲಾಸ್ ವೇಗಸ್‌ನಲ್ಲಿ ನೂರು ಮೀಟರನ್ನು 12.11 ಸೆಕೆಂಡಿನಲ್ಲಿ ಮುಗಿಸಿ ಗಿನ್ನೆಸ್ ದಾಖಲೆ ಬರೆದರು. ಈ ಅಳತೆಯ ಚಕ್ರದಲ್ಲಿ ಆ ವೇಗ ಬೇಕಾದರೆ ಸೆಕೆಂಡಿಗೆ ನಾಲ್ಕು ಸುತ್ತಿಗೂ ಮಿಕ್ಕಿ ತುಳಿಯಬೇಕು. ಗಂಟೆಗೆ ಸುಮಾರು 30 ಕಿಲೋಮೀಟರ್ ಆಯಿತು. ಹೊನ್ನಾವರದ ಬಸ್ ಸ್ಟ್ಯಾಂಡ್ ಹತ್ತಿರ ಬೆಳಗಿನ ಹೊತ್ತಿನಲ್ಲಿ ಆಟೋಗಳೂ ಆ ವೇಗದಲ್ಲಿ ಹೋಗಲಾರವು. ಇನ್ನು ದೂರದ ಮಾತು ಬೇಕಾದರೆ ಇಂಗ್ಲೆಂಡಿನ ಎಡ್ ಪ್ರಾಟ್ ಇದ್ದಾರೆ. 2015ರಲ್ಲಿ ಮನೆ ಬಿಟ್ಟಾಗ ಅವರಿಗೆ 19 ವರ್ಷ, ನಮಗಿಂತ ಎರಡೇ ವರ್ಷ ದೊಡ್ಡವರು. 36 ಇಂಚಿನ ಒಂಟಿ ಚಕ್ರದಲ್ಲಿ ಭೂಮಿ ಸುತ್ತಿ 2018ರಲ್ಲಿ ಮನೆಗೆ ಬಂದರು. ಇವರಿಬ್ಬರಿಗೂ ಕೆಂಪು ಮೂಗು ಬೇಕಾಗಲಿಲ್ಲ.

ನಾನು ಹೆಚ್ಚು ಹೊತ್ತು ಯೋಚಿಸಿದ್ದು ಜಪಾನಿನ ಬಗ್ಗೆ. ಅಲ್ಲಿನ ಎಷ್ಟೋ ಪ್ರಾಥಮಿಕ ಶಾಲೆಗಳ ಅಂಗಳದಲ್ಲಿ ಯೂನಿಸೈಕಲ್‌ಗಳು ಸ್ಟ್ಯಾಂಡಿನಲ್ಲಿ ಸಾಲಾಗಿ ತೂಗುತ್ತಿರುತ್ತವೆ. ಬಿಡುವಿನ ಗಂಟೆ ಹೊಡೆದರೆ ಮಕ್ಕಳು ಓಡಿ ಬಂದು ಒಂದೊಂದು ಎತ್ತಿಕೊಳ್ಳುತ್ತಾರೆ. ಅಲ್ಲಿ ಇದು ಹೆಚ್ಚಾಗಿ ಹುಡುಗಿಯರ ಆಟ. ಫ್ರೀಸ್ಟೈಲ್‌ನಲ್ಲಿ ಜಪಾನಿನ ಹುಡುಗಿಯರನ್ನು ಮೀರಿಸುವವರು ಕಡಿಮೆ. ಅವರು ನಮಗಿಂತ ಗಟ್ಟಿ ಎಂದೇನೂ ಅಲ್ಲ. ಶಾಲೆಯ ಅಂಗಳದಲ್ಲಿ ಅದು ನೇತಾಡುತ್ತಿತ್ತು, ಅಷ್ಟೇ. ನಮ್ಮ ರಾಜ್ಯದಲ್ಲೇ ವಿಜಯಪುರ, ಬಾಗಲಕೋಟೆ ಕಡೆಯವರು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಪದಕ ತರುತ್ತಲೇ ಇರುತ್ತಾರೆ, ಹುಡುಗಿಯರೂ ಸೇರಿ. ಅಲ್ಲಿ ಕಲಿಸುವವರಿದ್ದಾರೆ, ಕ್ರೀಡಾ ಹಾಸ್ಟೆಲ್ ಇದೆ, ಸೈಕಲ್ ಮೇಲೆ ಹುಡುಗಿ ಹೋದರೆ ತಿರುಗಿ ನೋಡುವವರಿಲ್ಲ.

ನಮ್ಮಲ್ಲಿ? ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರು ಮಾಡಿತ್ತು. ನನ್ನ ಆಪಾಗೆ ಸಿಕ್ಕಿತ್ತು, ನನ್ನ ಸರದಿ ಬರುವಷ್ಟರಲ್ಲಿ ಯೋಜನೆಯೇ ನಿಂತಿತ್ತು. ಆಪಾ ಎರಡು ವರ್ಷ ಆ ಸೈಕಲ್ಲಿನಲ್ಲಿ ಶಾಲೆಗೆ ಹೋದಳು. ಹತ್ತನೇ ತರಗತಿ ಮುಗಿದ ಮೇಲೆ ಯಾರೂ ಬೇಡ ಎನ್ನಲಿಲ್ಲ, ಆದರೂ ಸೈಕಲ್ ನಿಂತಿತು. ಹೆದ್ದಾರಿ ನಾಲ್ಕು ಪಥವಾಯಿತು, ಲಾರಿಗಳು ಹೆಚ್ಚಾದವು, "ಈಗ ದೊಡ್ಡವಳಾದಿ" ಎಂದು ಯಾರೋ ಹೇಳಿದರು, "ಲೋಗಾಂ ಕ್ಯಾ ಬೋಲೆಂಗೆ" ಎಂದು ಇನ್ಯಾರೋ. ಉಪ್ಪುಗಾಳಿಗೆ ಚೈನ್ ತುಕ್ಕು ಹಿಡಿಯಿತು. ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಇವತ್ತು ಹುಡುಗಿಯರ ಸೈಕಲ್ ಎಷ್ಟಿವೆ ಎಂದು ಒಮ್ಮೆ ಎಣಿಸಿ ನೋಡಿ. ನಾನು ಎಣಿಸಿದ್ದೇನೆ, ಒಂದು ಕೈಯ ಬೆರಳು ಸಾಕಾಯಿತು. ರಸ್ತೆ ನಮ್ಮ ಕೈಯಲ್ಲಿಲ್ಲ. ಆವರಣದೊಳಗಿನ ಸಿಮೆಂಟ್ ನೆಲ ನಮ್ಮ ಕೈಯಲ್ಲಿದೆ. ಈ ಆಟಕ್ಕೆ ಬೇಕಾದ್ದೂ ಅಷ್ಟೇ.

ಕಲಿಯುವುದು ಹೇಗೆ ಎಂದು ಹೇಳಿಬಿಡುತ್ತೇನೆ. ಇದನ್ನು ಯಾವ ದೇವತೆಯೂ ವರ ಕೊಡಬೇಕಿಲ್ಲ. ಹೆಚ್ಚಿನವರಿಗೆ ಹತ್ತರಿಂದ ಹದಿನೈದು ಗಂಟೆಗಳ ಅಭ್ಯಾಸ ಸಾಕು, ಒಟ್ಟಿಗಲ್ಲ, ದಿನಕ್ಕೆ ಸ್ವಲ್ಪ ಸ್ವಲ್ಪ. ಪೆಡಲ್ ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗುವಷ್ಟು ಸೀಟು ಎತ್ತರಿಸಬೇಕು. ಎಡಗಡೆ ಗೋಡೆ, ಬಲಗಡೆ ಒಬ್ಬರ ಹೆಗಲು. ಭಾರವೆಲ್ಲ ಸೀಟಿನ ಮೇಲಿರಬೇಕು, ಪೆಡಲ್ ಮೇಲಲ್ಲ. ಹೆದರಿದವರು ಪೆಡಲ್ ಮೇಲೆ ನಿಂತುಬಿಡುತ್ತಾರೆ, ಆಗ ಚಕ್ರ ಅಲ್ಲೇ ಅಂಟಿಕೊಳ್ಳುತ್ತದೆ. ಕಣ್ಣು ಚಕ್ರದ ಕಡೆ ಅಲ್ಲ, ದೂರಕ್ಕೆ.

ಸಮತೋಲನದ ಗುಟ್ಟು ಇಷ್ಟು: ಅಂಗೈ ಮೇಲೆ ಉದ್ದ ಕೋಲು ನಿಲ್ಲಿಸುವ ಆಟ ಗೊತ್ತಲ್ಲ? ಕೋಲು ಮುಂದೆ ವಾಲಿದರೆ ಕೈಯನ್ನು ಮುಂದೆ ಒಯ್ಯುತ್ತೇವೆ. ಇಲ್ಲಿ ಕೋಲು ನಾವೇ, ಕೈ ಎಂದರೆ ಚಕ್ರ. ಮೈ ಮುಂದೆ ವಾಲಿದರೆ ಬೇಗ ತುಳಿದು ಚಕ್ರವನ್ನು ಮೈಯ ಕೆಳಗೆ ತರಬೇಕು, ಹಿಂದೆ ವಾಲಿದರೆ ತುಳಿತ ನಿಧಾನ ಮಾಡಬೇಕು. ಪಕ್ಕಕ್ಕೆ ಬೀಳುವಂತಾದರೆ ಆ ಪಕ್ಕಕ್ಕೇ ಚಕ್ರ ತಿರುಗಿಸಬೇಕು. ಹ್ಯಾಂಡಲ್ ಇಲ್ಲ, ಸೊಂಟವೇ ಹ್ಯಾಂಡಲ್. ತುಳಿಯದೆ ಸುಮ್ಮನೆ ಉರುಳಿಸಿಕೊಂಡು ಹೋಗಲು ಬರುವುದಿಲ್ಲ, ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ಅದಕ್ಕೇ ಐದು ನಿಮಿಷದಲ್ಲಿ ಬೆವರು ಕಿತ್ತುಕೊಂಡು ಬರುತ್ತದೆ.

ಬೀಳುವುದಿಲ್ಲವೇ? ಬೀಳುತ್ತೇವೆ, ದಿನಕ್ಕೆ ನಲವತ್ತು ಸಲ. ಆದರೆ ಮುಂದೆ ಹ್ಯಾಂಡಲ್ ಅಡ್ಡ ಇಲ್ಲದ್ದರಿಂದ ಹೆಚ್ಚಿನ ಸಲ ಕಾಲ ಮೇಲೇ ಇಳಿಯುತ್ತೇವೆ, ಸೈಕಲ್ ಮಾತ್ರ ಹಿಂದೆ ದಢ್ ಎಂದು ಬೀಳುತ್ತದೆ. ಹೆಲ್ಮೆಟ್ ಮತ್ತು ಮಣಿಕಟ್ಟಿನ ಪಟ್ಟಿ ಬೇಕೇ ಬೇಕು. ಬಟ್ಟೆಯ ಪ್ರಶ್ನೆಗೂ ಉತ್ತರ ಇದೆ, ಅಮ್ಮಿ ಮೊದಲು ಕೇಳಿದ್ದೇ ಅದು. ಚೈನ್ ಇಲ್ಲದ್ದರಿಂದ ದುಪಟ್ಟಾ ಚೈನಿಗೆ ಸಿಕ್ಕುವ ಭಯವೇ ಇಲ್ಲ. ಅಗಲ ಶಲ್ವಾರ್ ಮಾತ್ರ ಕ್ರ್ಯಾಂಕಿಗೆ ಸಿಗಬಹುದು, ಕಣಕಾಲಿಗೆ ಎರಡು ಅಗಲದ ರಬ್ಬರ್ ಬ್ಯಾಂಡ್ ಹಾಕಿಕೊಂಡರೆ ಮುಗಿಯಿತು. ನಾನು ತಲೆಗೆ ಸ್ಕಾರ್ಫ್ ಪಿನ್ ಮಾಡಿಕೊಂಡು ಅದರ ಮೇಲೆ ಹೆಲ್ಮೆಟ್ ಹಾಕಿ ಓಡಿಸುತ್ತೇನೆ, ಏನೂ ತೊಂದರೆ ಆಗಿಲ್ಲ.

ಇನ್ನೊಂದು ಎಚ್ಚರಿಕೆ, ಇದನ್ನು ರಿಪೇರಿ ಅಂಗಡಿಯವರಿಗೂ ಹೇಳಬೇಕಾಗುತ್ತದೆ. ಎಡ ಪೆಡಲಿನ ಮರೆ ಉಲ್ಟಾ ಇರುತ್ತದೆ. ಯೂನಿಸೈಕಲ್ ಎರಡೂ ಕಡೆಯಿಂದ ಒಂದೇ ಥರ ಕಾಣುವುದರಿಂದ ಹಿಂದು-ಮುಂದು ಮಾಡಿ ಓಡಿಸಿದರೆ ಪೆಡಲ್ ತಾನಾಗಿ ಸಡಿಲವಾಗುತ್ತ ಬಂದು ಕಳಚುತ್ತದೆ. ಹತ್ತುವ ಮುಂಚೆ ಎಡ-ಬಲದ ಗುರುತು ನೋಡಬೇಕು. ಕಾಸರಕೋಡಿನ ಬೀಚಿಗೆ ಒಯ್ಯುವ ಆಸೆ ಇದ್ದವರಿಗೂ ಒಂದು ಮಾತು: ಇಳಿತದ ಹೊತ್ತಿನ ಒದ್ದೆ ಗಟ್ಟಿ ಮರಳಿನಲ್ಲಿ ಓಡುತ್ತದೆ, ಆದರೆ ಉಪ್ಪುನೀರು ಬೇರಿಂಗಿಗೆ ವಿಷ. ಮನೆಗೆ ಬಂದ ತಕ್ಷಣ ಸಿಹಿನೀರಿನಲ್ಲಿ ತೊಳೆದು ಒರೆಸಬೇಕು.

ಈ ಆಟದಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಹಂತ ಪರೀಕ್ಷೆ. ಫೆಡರೇಷನ್ ಹತ್ತು ಹಂತ ಮಾಡಿದೆ. ಮೊದಲ ಹಂತಕ್ಕೆ ಬೇಕಾದ್ದು: ಯಾರ ಸಹಾಯವೂ ಇಲ್ಲದೆ ಹತ್ತುವುದು, 50 ಮೀಟರ್ ಓಡಿಸುವುದು, ಸೈಕಲ್ ಬೀಳಿಸದೆ ಮುಂದೆ ಹಿಡಿದು ಇಳಿಯುವುದು. ಎರಡನೇ ಹಂತದಲ್ಲಿ 30 ಸೆಂಟಿಮೀಟರ್ ಅಂತರದ ಎರಡು ಗೆರೆಗಳ ನಡುವೆ 10 ಮೀಟರ್ ಹೋಗಬೇಕು, ಎಂಟರ ಆಕಾರದಲ್ಲಿ ಸುತ್ತಬೇಕು, ಬಲಗಾಲಿನಿಂದಲೂ ಎಡಗಾಲಿನಿಂದಲೂ ಹತ್ತಲು ಬರಬೇಕು. ಇಲ್ಲಿ ರ್‍ಯಾಂಕ್ ಇಲ್ಲ. ನೂರು ಜನ ಪರೀಕ್ಷೆಗೆ ನಿಂತರೆ ನೂರು ಜನವೂ ಪಾಸಾಗಬಹುದು. ನಮ್ಮ ಜೀವನದಲ್ಲಿ ಅಂಥ ಪರೀಕ್ಷೆ ಬೇರೆ ಯಾವುದಿದೆ?

"ಕ್ರಿಕೆಟ್ ಮ್ಯಾಟೇ ಹರಿದಿದೆ, ಇದಕ್ಕೆಲ್ಲಿ ದುಡ್ಡು" ಎಂದು ಕ್ರಿಕೆಟ್ ತಂಡದ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾನೂ ಕಾಮರ್ಸ್‌ನವಳೇ. ಸಾದಾ 20 ಇಂಚಿನ ಯೂನಿಸೈಕಲ್ ಒಂದು ಗೇರ್ ಸೈಕಲ್ಲಿಗಿಂತ ಅಗ್ಗ. ಗೇರ್, ಬ್ರೇಕ್, ಚೈನ್ ಇಲ್ಲದ್ದರಿಂದ ಕೆಡುವ ಭಾಗ ಕಡಿಮೆ, ಅಕೌಂಟೆನ್ಸಿ ಭಾಷೆಯಲ್ಲಿ ಸವಕಳಿ ಕಡಿಮೆ. ಐದು ತೆಗೆದುಕೊಂಡೆವು ಎನ್ನಿ. ಒಂದಕ್ಕೆ ಮೂವರು: ಒಬ್ಬಳು ಮೇಲೆ, ಇಬ್ಬರು ಅಕ್ಕಪಕ್ಕ ಹಿಡಿಯಲು. ಹದಿನೈದು ಜನರ ತಂಡ. ಒಂದು ಗಂಟೆಯ ಅಭ್ಯಾಸದಲ್ಲಿ ಪ್ರತಿಯೊಬ್ಬರಿಗೂ 20 ನಿಮಿಷ. ವಾರಕ್ಕೆ ಮೂರು ದಿನ ಅಂದರೆ ತಲಾ ಒಂದು ಗಂಟೆ. ಹದಿನೈದು ವಾರಕ್ಕೆ ಹದಿನೈದು ಗಂಟೆ. ಜೂನ್‌ನಲ್ಲಿ ಕಾಲೇಜು ಶುರುವಾಗಿ ಮಳೆ ನಿಲ್ಲುವ ಹೊತ್ತಿಗೆ ಹದಿನೈದು ಜನ ತಾವಾಗಿ ಓಡಿಸುತ್ತಿರುತ್ತಾರೆ. ಹುಡುಗರದೊಂದು ತಂಡ, ಹುಡುಗಿಯರದೊಂದು ತಂಡ ಮಾಡಿದರೆ ಅದೇ ಐದು ಸೈಕಲ್ಲಿನಲ್ಲಿ ಮೂವತ್ತು ಜನ.

ಮಳೆಗಾಲವೇ ಯಾಕೆ ಎಂದರೆ, ನಮ್ಮ ಮೈದಾನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆರೆ. ನಾಲ್ಕು ತಿಂಗಳು ಪಿಟಿ ಪೀರಿಯಡ್ ಎಂದರೆ ಹೋಂವರ್ಕ್ ಪೀರಿಯಡ್. ಈ ಆಟಕ್ಕೆ ಮಾಡು ಇರುವ ಕಾರಿಡಾರ್, ಹಿಡಿಯಲು ಒಂದು ಗೋಡೆ ಇದ್ದರೆ ಸಾಕು. ಸೈನ್ಸ್ ಲ್ಯಾಬ್ ಹಿಂದಿನ ಕಾರಿಡಾರ್ ನಾನು ಹೆಜ್ಜೆಯಲ್ಲಿ ಅಳೆದಿದ್ದೇನೆ, ಒಳ್ಳೆಯ ಉದ್ದ ಇದೆ. ಹುಡುಗಿಯರ ತಂಡಕ್ಕೆ ಸಮಯವೂ ತಯಾರಿದೆ. ಶುಕ್ರವಾರ ಜುಮ್ಮಾ ಬಿಡುವಿನಲ್ಲಿ ಹುಡುಗರು, ಸರ್‌ಗಳು ಮಸೀದಿಗೆ ಹೋದಾಗ ಆವರಣದಲ್ಲಿ ನಾವೇ ಇರುತ್ತೇವೆ. ಊಟ, ನಮಾಜು ಮುಗಿಸಿಯೂ ಸ್ವಲ್ಪ ಹೊತ್ತು ಉಳಿಯುತ್ತದೆ. ಸದ್ಯ ಆ ಹೊತ್ತು ಮಾತಿನಲ್ಲಿ ಹೋಗುತ್ತಿದೆ. ಮಾತೂ ಬೇಕು, ಇಲ್ಲ ಎನ್ನುವುದಿಲ್ಲ.

ಕೆಲವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಗ್ಯಾದರಿಂಗ್‌ನಲ್ಲಿ ಸ್ಟೇಜ್ ಮೇಲೆ ಓಡಿಸು, ಚೆನ್ನಾಗಿರುತ್ತದೆ, ಹಿಂದೆ ಮ್ಯೂಸಿಕ್ ಹಾಕೋಣ." ಇದಕ್ಕೆ ನಾನು ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ಸ್ಟೇಜ್ ಮೇಲೆ ಹೋದರೆ ಅದು ಮತ್ತೆ ಡೇರೆಯೊಳಗೇ ಹೋಯಿತು. ಒಬ್ಬಳು ಮಾಡುತ್ತಾಳೆ, ಐನೂರು ಜನ ನೋಡುತ್ತಾರೆ, ಮರುದಿನ ಯಾರೂ ಕಲಿಯುವುದಿಲ್ಲ. ನನಗೆ ಬೇಕಾದದ್ದು ಕ್ರೀಡಾಕೂಟದ ಪಟ್ಟಿಯಲ್ಲಿ ಒಂದು ಸಾಲು: ಯೂನಿಸೈಕಲ್, 50 ಮೀಟರ್, ಹುಡುಗರು ಮತ್ತು ಹುಡುಗಿಯರು. ಈ ವರ್ಷ ಆಗಲಿಕ್ಕಿಲ್ಲ. ನಾನು ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಹೋಗುತ್ತೇನೆ, ಆ ಸಾಲು ಬಂದರೆ ಅದು ಈಗ ಪ್ರಥಮ ಪಿಯುಸಿಯಲ್ಲಿರುವವರಿಗೆ ಮತ್ತು ಮುಂದೆ ಬರುವವರಿಗೆ.

ಪ್ರಾಂಶುಪಾಲರಿಗೆ ಮತ್ತು ಪಿಟಿ ಸರ್‌ಗೆ ಐದು ಸೈಕಲ್ಲಿನ ಅರ್ಜಿ ಬರೆದು ಕೊಟ್ಟಿದ್ದೇನೆ, ಮೇಲಿನ ಲೆಕ್ಕವೂ ಅದರಲ್ಲಿದೆ. ಉತ್ತರ ಬರುವವರೆಗೆ ಮನೆಯಲ್ಲಿರುವ ಒಂದನ್ನು ಕಾಲೇಜಿಗೆ ತರಲು ಮಾಮು ಫೋನಿನಲ್ಲಿ ಒಪ್ಪಿದ್ದಾರೆ, ದಾದಿಯೂ ಒಪ್ಪಿದ್ದಾರೆ. ಅನುಮತಿ ಸಿಕ್ಕಿದರೆ ಮುಂದಿನ ಶುಕ್ರವಾರ ಲ್ಯಾಬ್ ಹಿಂದಿನ ಕಾರಿಡಾರ್‌ನಲ್ಲಿ ಇರುತ್ತೇನೆ. ಹೆಲ್ಮೆಟ್ ನನ್ನ ಹತ್ತಿರ ಎರಡಿವೆ. ರಬ್ಬರ್ ಬ್ಯಾಂಡ್ ನೀವೇ ತನ್ನಿ. ಅಕ್ಕಪಕ್ಕ ಹಿಡಿಯಲು ಇಬ್ಬರು ಬೇಕು.